ಸಕ್ಕರೆ ತಿಂದ ಪಾರ್ಟ್‌ಟೈಮ್ ಮಾಸ್ತರ

ಎಪ್ಪತ್ತೈದರ ಮಳೆಗಾಲದಿಂದ ಎಪ್ಪತ್ತಾರರ ಮಳೆಗಾಲದವರೆಗೆ, ಸರಿಯಾಗಿ ಒಂದು ವರ್ಷ, ನಾನು ಎರಡು ಕೆಲಸ ಮಾಡಿದೆ. ಹಗಲು ಜೀಪಿನಲ್ಲಿ ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳನ್ನು ಸುತ್ತಿ ಟಿ.ವಿ. ರಿಪೇರಿ. ವಾರಕ್ಕೆ ಮೂರು ಸಂಜೆ ಗಾಂಧಿ ಚೌಕದ ಹತ್ತಿರ, ಒಂದು ಅರಿವೆ ಅಂಗಡಿಯ ಮಹಡಿಯಲ್ಲಿ, ಅದೇ ರಿಪೇರಿಯ ಪಾಠ. ಎರಡನ್ನೂ ಚೆನ್ನಾಗಿ ಮಾಡುತ್ತಿದ್ದೇನೆ ಅಂತ ಆಗ ನನಗೆ ಭಾರೀ ಸೊಕ್ಕು. ಈಗ ಕುಳಿತು ನೆನೆದರೆ, ನಾನು ಮಾಡಿದ್ದು ಒಂದೇ ಕೆಲಸ: ಹಗಲು ಗೊತ್ತಿದ್ದ ಮಾತನ್ನು ಸಂಜೆ ಬಾಯಿ ಬಿಟ್ಟು ಹೇಳದೇ ಇದ್ದದ್ದು.

ಆ ವರ್ಷ ಸರ್ಕಾರ ನಮ್ಮ ಜಿಲ್ಲೆಯಲ್ಲಿ ಆರಿಸಿದ ಹಳ್ಳಿಗಳ ಶಾಲೆಗೆ ಒಂದೊಂದು ಟಿ.ವಿ. ಕೊಟ್ಟಿತ್ತು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಬೀಜ ಗೊಬ್ಬರದ ಮಾತು, ಒಂದಿಷ್ಟು ಹಾಡು, ನಾಟಕ. ಚಿತ್ರ ಬರುತ್ತಿದ್ದದ್ದು ಮೇಲೆ ಆಕಾಶದಲ್ಲಿದ್ದ ಒಂದು ಉಪಗ್ರಹದಿಂದ. ಅದನ್ನು ಹಿಡಿಯಲು ಶಾಲೆಯ ಅಂಗಳದಲ್ಲಿ ಎರಡಾಳಗಲದ ದೊಡ್ಡ ಬೋಗುಣಿ. ಬೋಗುಣಿ ಅಂದರೆ ಏನು, ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯೇ, ಪಡುವಣದ ಕಡೆ ಮುಖ ಮಾಡಿ ನಿಲ್ಲಿಸಿದ್ದು. ಮಜಾ ಏನೆಂದರೆ ಬಿಜಾಪುರ ಶಹರಕ್ಕೇ ಟಿ.ವಿ. ಇರಲಿಲ್ಲ. (ಈಗ ವಿಜಯಪುರ ಅನ್ನಬೇಕು, ನನ್ನ ನಾಲಿಗೆ ಇನ್ನೂ ಹೊರಳುವುದಿಲ್ಲ.) ಸಿನಿಮಾ ನೋಡಲು ಹಳ್ಳಿಯಿಂದ ಬಂದವರನ್ನು ನೋಡಿ ನಗುತ್ತಿದ್ದ ಶಹರದ ಮಂದಿ, ಈಗ ತಾವೇ ಬಸ್ ಹಿಡಿದು ತಿಕೋಟಾ ಕಡೆ ಟಿ.ವಿ. ನೋಡಲು ಹೋಗುತ್ತಿದ್ದರು.

ಆ ಉಪಗ್ರಹ ನಮ್ಮದಲ್ಲ. ಪರದೇಶದವರು ಒಂದು ವರ್ಷದ ಮಟ್ಟಿಗೆ ಕೊಟ್ಟದ್ದು. ವರ್ಷ ತುಂಬಿದ ಮೇಲೆ ಅದು ಬೇರೆ ಕಡೆ ಹೋಗುತ್ತದೆ. ಇದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು, ಪೇಪರಿನಲ್ಲೂ ಬಂದಿತ್ತು. ಆದರೆ ಹೊಸ ಸೊಸೆ ಮನೆಗೆ ಬಂದ ದಿನವೇ ಯಾರಾದರೂ ತವರಿಗೆ ಹೋಗುವ ದಿನ ಕೇಳುತ್ತಾರೆಯೆ? ನಾವೂ ಕೇಳಲಿಲ್ಲ. ಅಷ್ಟರಲ್ಲಿ ಸರ್ಕಾರ ಏನಾದರೂ ಮಾಡುತ್ತದೆ ಅಂದುಕೊಂಡೆವು.

ನನಗಾಗ ಇಪ್ಪತ್ತಾರು. ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ನೌಕರಿ, ಅದೂ ಒಂದೇ ವರ್ಷದ ಕರಾರಿನದು. ಕ್ಲಾಸಿನಲ್ಲಿದ್ದ ಹನ್ನೆರಡು ಮಂದಿಯೂ ದುಡಿಯುವ ಗಂಡಸರು. ಗಡಿಯಾರ ರಿಪೇರಿಯವನು, ಸೈಕಲ್ ಅಂಗಡಿಯವನು, ಮೋಟಾರು ಸುತ್ತುವವನು, ಇಂಥವರು. ಕ್ಲಾಸಿನಲ್ಲಿ ಒಂದೂ ಟಿ.ವಿ. ಇಲ್ಲ, ಹಲಗೆಯ ಮೇಲೆ ಚೌಕ ಬರೆದು ಚೌಕಕ್ಕೆ ಬಾಣ ಬಿಟ್ಟು ಪಾಠ. ಸುಣ್ಣದ ಕಡ್ಡಿ ಕೈಗೆ ಬಂದರೆ ಮನುಷ್ಯನಿಗೆ ಏನಾಗುತ್ತದೋ ದೇವರೇ ಬಲ್ಲ. ಮೊದಲ ದಿನವೇ ಹೇಳಿಬಿಟ್ಟೆ:

"ನೋಡ್ರೆಪಾ, ಇವತ್ತ ಜಿಲ್ಲಾಕ್ಕ ಇಷ್ಟ ಪೆಟ್ಟಿಗಿ ಅದಾವು. ನಾಳೆ ಊರಿಗೊಂದು ಬರತೈತಿ, ನಾಡಿದ್ದ ಮನಿಗೊಂದು. ರಿಪೇರಿ ಮಾಡಾವ್ರು ಎಲ್ಲಿ ಅದಾರ? ನೀವ ಆಗಾವ್ರು!"

ಮನೆಗೊಂದು ಬಂದದ್ದು ನಿಜವೇ. ಆದರೆ ನಮ್ಮ ಕಡೆ ಅದಕ್ಕೆ ಎಷ್ಟು ವರ್ಷ ಹಿಡಿಯಿತು! ಹಸಿದವನಿಗೆ ಮುಂದಿನ ಸುಗ್ಗಿಯ ಊಟ ಬಡಿಸಿದ ಹಾಗಿತ್ತು ನನ್ನ ಮಾತು.

ಆ ಹನ್ನೆರಡು ಮಂದಿಯಲ್ಲಿ ಒಬ್ಬರು ನನಗಿಂತ ಹದಿನೈದು ವರ್ಷ ದೊಡ್ಡವರು. ಜೋರಾಪುರ ಪೇಟೆಯವರೇ, ನಮ್ಮ ಮನೆಯಿಂದ ಎರಡು ಓಣಿ ಆಚೆ. ನಾನು ಚಾಚಾ ಅನ್ನುತ್ತಿದ್ದೆ, ಅವರು ನನಗೆ ಸರ್ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಟಾಕೀಜಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು. ಆಗಿನ ಪ್ರೊಜೆಕ್ಟರಿನಲ್ಲಿ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಹಿಡಿದು ಉರಿಸಬೇಕು, ಆ ಬೆಳಕಿನಲ್ಲೇ ಚಿತ್ರ. ಕಡ್ಡಿ ಉರಿದ ಹೊಗೆ ಅರ್ಧ ಕೊಳವೆಯಲ್ಲಿ ಹೋದರೆ ಇನ್ನರ್ಧ ಆಪರೇಟರನ ಎದೆಗೆ. ಡಾಕ್ಟರು ಅವರಿಗೆ ಸ್ಪಷ್ಟವಾಗಿ ಹೇಳಿದ್ದರು: ಆ ಕೋಣೆ ಬಿಡು, ಇಲ್ಲದಿದ್ದರೆ ಕೆಮ್ಮು ನಿನ್ನನ್ನು ಬಿಡುವುದಿಲ್ಲ. ಕೋಣೆ ಬಿಟ್ಟರೆ ಬೇರೆ ಯಾವ ಕೆಲಸ? ಅದಕ್ಕೇ ಅವರು ನನ್ನ ಕ್ಲಾಸಿಗೆ ಬಂದದ್ದು. ಮ್ಯಾಟಿನಿ ಮುಗಿಸಿ, ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು ಮನಸಾರೆ ಕೆಮ್ಮಿ, ಆಮೇಲೆ ಒಳಗೆ ಬರುತ್ತಿದ್ದರು. ಪಾಠ ನಡೆಯುವಾಗ ಕೆಮ್ಮಬಾರದು ಅಂತ ಅವರ ಲೆಕ್ಕ.

ಕೈ ಅಂದರೆ ಏನು ಕೈ! ನಾನು ಪುಸ್ತಕದಿಂದ ಕಲಿತದ್ದನ್ನು ಅವರ ಬೆರಳು ಮೊದಲೇ ಕಲಿತು ಕೂತಿತ್ತು. ಒಂದು ರವಿವಾರ ಕ್ಲಾಸಿನವರನ್ನೆಲ್ಲ ಬಸ್ಸಿನಲ್ಲಿ ತಿಕೋಟಾದ ಆಚೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದೆ, ಟಿ.ವಿ. ಕಣ್ಣಾರೆ ನೋಡಲಿ ಅಂತ. ನೋಡಿದರೆ ಪರದೆಯ ಮೇಲೆ ಚಿತ್ರವಿಲ್ಲ, ಬರೀ ಜೋಳದ ಅರಳು ಸಿಡಿದ ಹಾಗೆ ಬಿಳಿಚುಕ್ಕೆ. ಊರಿನವರ ಮುಂದೆ, ನನ್ನ ವಿದ್ಯಾರ್ಥಿಗಳ ಮುಂದೆ, ಪೆಟ್ಟಿಗೆಯ ಬೆನ್ನು ಬಿಚ್ಚಿ ಅರ್ಧ ತಾಸು ಬೆವರು ಸುರಿಸಿದೆ. ಏನೂ ಸಿಗಲಿಲ್ಲ. ಚಾಚಾ ಮಾತ್ರ ಪೆಟ್ಟಿಗೆಯ ಕಡೆ ನೋಡಲೇ ಇಲ್ಲ, ಹೊರಗೆ ಹೋಗಿ ಬೋಗುಣಿಯ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಸರ್, ಇಲ್ಲಿ ಎಮ್ಮಿ ಮೈ ತಿಕ್ಕೈತ್ರಿ. ಕೂದಲಾ ಹತ್ಯಾವ ನೋಡ್ರಿ. ಬೋಗುಣಿ ಸ್ವಲ್ಪ ಹೊಳ್ಳೈತಿ."

ಅವರು ಹೊರಗೆ ಬೆರಳಷ್ಟು ಬೆರಳಷ್ಟು ತಿರುಗಿಸುತ್ತ ಹೋದರು, ನಾನು ಕಿಟಕಿಯಿಂದ "ಬಂತು, ಹೋತು, ಬಂತು, ನಿಲ್ರಿ!" ಅಂತ ಕೂಗುತ್ತ ಹೋದೆ. ಚಿತ್ರ ನಿಂತಿತು. ಮಂದಿ ಚಪ್ಪಾಳೆ ಹೊಡೆದದ್ದು ನನಗೆ. ಚಾಚಾ ಕೈ ಒರೆಸಿಕೊಂಡು ಬಂದು ಎಲ್ಲರ ಹಿಂದೆ ಕೂತು, ತಮ್ಮ ಜೀವನದಲ್ಲಿ ಮೊದಲ ಸಲ, ಹೊಗೆಯಿಲ್ಲದ ಚಿತ್ರ ನೋಡಿದರು.

ಮುಂದಿನ ಗುರುವಾರ ಅವರು ಕ್ಲಾಸಿಗೆ ಹೊಸ ಅಂಗಿ ತೊಟ್ಟು ಬಂದರು. ಜೊತೆಗೆ ಪೇಟೆಯ ಇಬ್ಬರು ಮುದುಕ ಮಿಸ್ತ್ರಿಗಳು, ಟಾಕೀಜಿನ ಮ್ಯಾನೇಜರು. ನನ್ನ ಹೆಗಲಿಗೆ ಒಂದು ಟವೆಲ್ ಹೊದಿಸಿ, ತಮ್ಮ ಸ್ಕ್ರೂಡ್ರೈವರನ್ನು ಎರಡೂ ಕೈಯಿಂದ ನನ್ನ ಅಂಗೈಯಲ್ಲಿಟ್ಟರು.

"ಇದನ್ನ ಹೊಳ್ಳಿ ನನ್ನ ಕೈಯಾಗ ಕೊಡ್ರಿ ಸರ್," ಅಂದರು.

ಕೊಟ್ಟೆ. ಒಂದು ಚಿಟಿಕೆ ಸಕ್ಕರೆ ನನ್ನ ಬಾಯಿಗೆ ಹಾಕಿದರು, ತಾವೂ ತಿಂದರು. ಮುದುಕ ಮಿಸ್ತ್ರಿಗಳು "ಮುಬಾರಕ್" ಅಂದು ನನ್ನ ಕೈ ಕುಲುಕಿದರು. ಹುಡುಗಾಟಿಕೆಯ ಖುಷಿ ನನಗೆ. ನನ್ನ ಕಾಲೇಜಿನ ಪ್ರೊಫೆಸರುಗಳಿಗೂ ಯಾರೂ ಹೀಗೆ ಟವೆಲ್ ಹೊದಿಸಿರಲಿಲ್ಲ. ಮನೆಗೆ ಬಂದು ಅದೇ ಟವೆಲ್ ಹಾಕಿಕೊಂಡು ಅವ್ವನ ಮುಂದೆ ಮೆರೆದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಏನಲೇ, ಹತ್ಯಾರ ಇಸಗೊಂಡು ಹೊಳ್ಳಿ ಕೊಟ್ಟಿ? ಸಕ್ರೀನೂ ತಿಂದಿ?"

"ತಿಂದೆ ಬೇ. ಸಕ್ರಿ ತಿಂದ್ರ ಏನಾತು?"

"ಏನಾತು ಅಂತ ಕೇಳ್ತಾನ ನೋಡ, ಸಾಲಿ ಕಲ್ತಾಂವ! ನಮ್ಮಪ್ಪ ಬಡಿಗ್ಯಾ ಇದ್ದಾಂವ. ಮೂರು ಮಂದಿ ಕೈಯಾಗಿನ ಸಕ್ರಿ ತಿಂದಿದ್ದ. ಆ ಮೂರೂ ಮಂದಿಗೆ ಕೆಲಸ ಹಚ್ಚಿಕೊಡೂತನಾ ಅವಗ ನಿದ್ದಿ ಇರಲಿಲ್ಲ. ನಾಕು ಮಂದಿ ಮುಂದ ಸಕ್ರಿ ತಿಂದಿ ಅಂದ್ರ ನೀ ಅವಗ ಉಸ್ತಾದ ಆದಿ. ಇನ್ನ ಅವನ ಮನಿ ಒಲಿ ನಿನ್ನ ತಲಿ ಮ್ಯಾಲ."

ನಾನು ನಕ್ಕೆ. ಅವ್ವ ನಗಲಿಲ್ಲ.

ಮುಂದಿನ ಕ್ಲಾಸಿಗೆ ಬಂದ ಚಾಚಾ ಮೆಟ್ಟಿಲ ಬಾಗಿಲಲ್ಲಿ ಕೆಮ್ಮಲಿಲ್ಲ. ಸೀದಾ ಒಳಗೆ ಬಂದು, "ಉಸ್ತಾದ್, ಟಾಕೀಜ್ ಬಿಟ್ಟೆರಿ," ಅಂದರು. ಅವತ್ತಿನಿಂದ ನಾನು ಸರ್ ಅಲ್ಲ. ಮ್ಯಾನೇಜರು ಸಕ್ಕರೆಗೆ ಸಾಕ್ಷಿಯಾಗಿ ಬಂದದ್ದು ಅದಕ್ಕೇ: ಉಸ್ತಾದ ಇವನನ್ನು ಕೆಲಸಕ್ಕೆ ಹಚ್ಚಿಕೊಂಡಿದ್ದಾನೆ, ಇನ್ನು ಇವನನ್ನು ಬಿಡಬಹುದು. ಕೋಣೆಯನ್ನು ಬೇರೊಬ್ಬ ಹುಡುಗನಿಗೆ ಒಪ್ಪಿಸಿ ಆಗಿತ್ತು.

ಆ ಕ್ಷಣ ಹೇಳಬೇಕಿತ್ತು. "ಚಾಚಾ, ನನಗ ನಿಮ್ಮ ರಿವಾಜು ಗೊತ್ತಿರಲಿಲ್ಲ, ಓಡಿಹೋಗಿ ಮ್ಯಾನೇಜರನ ಕಾಲು ಹಿಡೀರಿ, ಈ ಆಟ ಜುಲೈಕ್ಕ ಮುಗೀತೈತಿ," ಅಷ್ಟೇ ಮಾತು. ಹನ್ನೊಂದು ಮಂದಿ ನನ್ನನ್ನೇ ನೋಡುತ್ತಿದ್ದರು. ನಾನು ಹಲಗೆಯ ಕಡೆ ತಿರುಗಿ ಪಿಕ್ಚರ್ ಟ್ಯೂಬಿನ ಚಿತ್ರ ಬರೆದೆ. ಸರಿಯಾಗಲಿಲ್ಲ ಅಂತ ಅಳಿಸಿ ಮತ್ತೆ ಬರೆದೆ.

ಮರುದಿನ ನಮ್ಮ ಸಾಹೇಬರ ಮುಂದೆ ನಿಂತೆ. ಅವರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಮಾತು ಮಾತ್ರ ಸೂಜಿ. ಒಬ್ಬ ಸಹಾಯಕನನ್ನು ತೆಗೆದುಕೊಳ್ಳಬಹುದೇ, ಕೈ ಬಹಳ ಚೆನ್ನಾಗಿದೆ ಅಂದೆ.

"ಏನ್ರೀ ನೀವು, ನಿಮ್ಮ ಕುರ್ಚಿಗೇ ಗ್ಯಾರಂಟಿ ಇಲ್ಲ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಕೇಳ್ತೀರಾ? ಆಗಸ್ಟಿಗೆ ನಾನೆಲ್ಲಿರ್ತೀನೋ ನನಗೇ ಗೊತ್ತಿಲ್ಲ."

"ಸರ್, ಉಪಗ್ರಹವನ್ನ ಇನ್ನೊಂದು ವರ್ಷ ಇಟ್ಟುಕೊಳ್ಳಬಹುದಲ್ಲ?"

"ಅದು ಎತ್ತಿನ ಗಾಡಿ ಅಲ್ಲ ಕಣ್ರೀ, ಇನ್ನೊಂದು ದಿನ ಬಾಡಿಗೆಗೆ ನಿಲ್ಲಿಸಿಕೊಳ್ಳೋಕೆ."

ಗಾಂಧಿ ಚೌಕದ ರೇಡಿಯೋ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆ. ಒಬ್ಬ ಅಂಗಡಿಯವನು ಕೇಳಿದ, "ವಯಸ್ಸೆಷ್ಟ್ರಿ?" ನಲವತ್ತು ದಾಟಿದೆ ಅಂದೆ. "ಯಪ್ಪಾ! ನಲವತ್ತಕ್ಕ ಕಲತಾಂವ ನಮ್ಮ ಅಂಗಡ್ಯಾಗ ಏನ ಮಾಡ್ಯಾನ? ನಮ್ಮ ಹುಡುಗ್ರು ಅದಾರ ಬಿಡ್ರಿ," ಅಂದ. ಇನ್ನೊಬ್ಬ ಚಹಾ ಕುಡಿಸಿ ಕಳಿಸಿದ, ಅಷ್ಟು ದೊಡ್ಡ ಮನಸ್ಸು. ನಾನು ಇಷ್ಟೆಲ್ಲ ಓಡಾಡಿದ್ದು ಚಾಚಾಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಓಡಾಡಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವನ ಕೈಯಲ್ಲಿ ಕೊನೆಗೆ ಕೋಲೂ ಉಳಿಯುವುದಿಲ್ಲ.

ಸಂಬಳವಿಲ್ಲದೆಯೇ ಅವರು ನನ್ನ ಜೊತೆ ಜೀಪಿನಲ್ಲಿ ಬರತೊಡಗಿದರು. ಉಸ್ತಾದನ ಹಿಂದೆ ಶಿಷ್ಯ ಕೆಲವು ತಿಂಗಳು ಬಿಟ್ಟಿ ದುಡಿಯುವುದು ಅವರ ರಿವಾಜಿನಲ್ಲೇ ಇತ್ತಂತೆ. ಮನೆಯನ್ನು ಅವರ ಹೆಂಡತಿ ಅರಿವೆ ಹೊಲಿದು ನಡೆಸುತ್ತಿದ್ದರು. ಬಬಲೇಶ್ವರದ ಕಡೆ ಹೋದ ದಿನ ಬಯಲಿನ ಗಾಳಿಗೆ ಅವರು ಎದೆ ತುಂಬ ಉಸಿರೆಳೆದು, "ಇಪ್ಪತ್ತು ವರ್ಷ ನಾ ಹಗಲ ನೋಡಿರಲಿಲ್ರಿ," ಅನ್ನುತ್ತಿದ್ದರು. ಏಪ್ರಿಲ್ ಬಿಸಿಲಿನ ಹಗಲನ್ನೂ ಹೊಗಳಿದ ಮನುಷ್ಯ ಅವರೊಬ್ಬರೇ.

ಒಮ್ಮೆ ಜೀಪಿನಲ್ಲೇ ಕೇಳಿದರು. "ಉಸ್ತಾದ್, ಪೇಪರ್‌ದಾಗ ಏನೋ ಬಂದೈತಂತ. ಇದು ಒಂದ ವರ್ಷದ್ದಂತ, ಹೌದೇನ್ರಿ?"

"ಇಷ್ಟೆಲ್ಲಾ ಖರ್ಚ ಮಾಡಿ ಸುಮ್ಮ ಬಿಡ್ತಾರೇನ್ರಿ ಚಾಚಾ? ಸರ್ಕಾರ ಏನರ ಮಾಡತೈತಿ," ಅಂದೆ.

"ಅದ ಮತ್ತ. ನಾನೂ ಹಂಗ ಅಂದೆ," ಅಂದರು. ಅವರಿಗೆ ಸಮಾಧಾನವಾಯಿತು. ಪೇಪರಿಗಿಂತ ಉಸ್ತಾದನ ಮಾತು ದೊಡ್ಡದು.

ಜೂನಿನಲ್ಲಿ ಒಂದು ದಿನ ಅವರ ಹೆಂಡತಿ ಒಂದು ಡಬ್ಬಿ ಶಾವಿಗೆ ಪಾಯಸ ಹಿಡಿದು ನಮ್ಮ ಮನೆಗೆ ಬಂದರು. ಒಳಗೆ ಬಾ ಅಂದರೂ ಬಾರದೆ ಹೊಸ್ತಿಲಲ್ಲೇ ನಿಂತು ಅವ್ವನಿಗೆ ಹೇಳಿದರು: "ಮೊದಲ ರಾತ್ರಿ ಮಲಗಾಕ ಆಗದ ಗ್ವಾಡಿಗೆ ಆತು ಕೂಡತಿದ್ರವಾ, ಕೆಮ್ಮಿಗೆ. ಈಗ ಬೆಳಗಾಗೂತನಾ ನಿದ್ದಿ ಮಾಡ್ತಾರ. ನಿಮ್ಮ ಮಗಾ ನಮ್ಮ ಪಾಲಿಗೆ ದೇವರು ಕಳಿಸಿದಂಗ ಬಂದಾನ. ಅಲ್ಲಾ ಅವಗ ಛಲೋ ಮಾಡ್ಲಿ."

ಅವರು ಹೋದ ಮೇಲೆ ಅವ್ವ ಡಬ್ಬಿಯನ್ನು ನನ್ನ ಮುಂದಿಟ್ಟು, "ಹೇಳೀಯೋ ಇಲ್ಲೋ?" ಅಂದಳು.

"ಹೇಳ್ತೇನ ಬೇ."

"ಯಾವಾಗ? ಹೆಣಾ ಎತ್ತಿದ ಮ್ಯಾಲೇನು?"

ಪಾಯಸ ತಿನ್ನಲಿಲ್ಲ ನಾನು. ಮೂರು ಸಲ ಹೇಳಲೆಂದೇ ಅವರ ಓಣಿಗೆ ಹೋದೆ. ಒಂದು ಸಲ ಅವರು ಮನೆಯಲ್ಲಿರಲಿಲ್ಲ. ಒಂದು ಸಲ ಮನೆ ತುಂಬ ನೆಂಟರು. ಮೂರನೆಯ ಸಲ ಅವರು ಒಬ್ಬರೇ ಕಟ್ಟೆಯ ಮೇಲೆ ಕೂತಿದ್ದರು, ನನಗೆ ಯಾವ ನೆಪವೂ ಇರಲಿಲ್ಲ. ಮಳೆ ಯಾವಾಗ ಬರಬಹುದು ಅಂತ ಮಾತಾಡಿ ಎದ್ದು ಬಂದೆ. ಹೇಡಿತನ ಅಂದರೆ ಹೇಡಿತನವೇ, ಅದಕ್ಕೆ ಬೇರೆ ಹೆಸರು ಹುಡುಕಿ ಏನು ಮಾಡಲಿ?

ಜುಲೈ ಮುಗಿದ ದಿನ ಚಿತ್ರವೂ ಮುಗಿಯಿತು. ಸಾಹೇಬರು ಎಲ್ಲ ಊರಿಗೂ ಕಾಗದ ಹಾಕಿದ್ದರು, ಆದರೆ ನಮ್ಮ ಕಡೆಯ ಟಪಾಲು ಅದರ ಮನಸ್ಸಿಗೆ ಬಂದಾಗ ಬರುವಂಥದ್ದು. ಸೋಮವಾರ ಬೆಳಿಗ್ಗೆ ಬಬಲೇಶ್ವರ ದಾಟಿ ಕಾಖಂಡಕಿ ಕಡೆಯ ಒಂದು ಊರಿನ ಹೆಡ್‌ಮಾಸ್ತರರು ಬಸ್ಸಿನ ಡ್ರೈವರನ ಕೈಯಲ್ಲಿ ಚೀಟಿ ಕಳಿಸಿದರು: ಟಿ.ವಿ. ಕೆಟ್ಟಿದೆ, ಕೂಡಲೇ ಬರಬೇಕು, ಮಕ್ಕಳು ಕಾಯುತ್ತಿದ್ದಾರೆ. ನಾನು ಚೀಟಿ ಓದುತ್ತಿರುವಾಗಲೇ ಚಾಚಾ ಹತಾರದ ಚೀಲ ಹೆಗಲಿಗೆ ಹಾಕಿ ಜೀಪಿನಲ್ಲಿ ಕೂತಾಗಿತ್ತು. ದಾರಿಯುದ್ದಕ್ಕೂ ಬಾಯಿ ತೆರೆದೆ, ಮುಚ್ಚಿದೆ. ಜೀಪಿನ ಗದ್ದಲದಲ್ಲಿ ಇಂಥ ಮಾತು ಹೇಳಲಾಗುವುದಿಲ್ಲ ಅಂತ ಅವತ್ತಿನ ನೆಪ.

ಮಕ್ಕಳು ಸಾಲಾಗಿ ಕೂತಿದ್ದವು. ಪರದೆಯ ಮೇಲೆ ಜೋಳದ ಅರಳು, ಸುಯ್ಯನೆ ಸದ್ದು. "ಸರ್ರ, ಟೀವಿಗೆ ಜ್ವರಾ ಬಂದಾವೇನ್ರಿ?" ಅಂತ ಒಂದು ಹುಡುಗಿ ಕೇಳಿ ಎಲ್ಲರನ್ನೂ ನಗಿಸಿದಳು. ಚಾಚಾ ನನ್ನ ಮುಖ ನೋಡಿದರು. ನಾನು ಮುಂದೆ ಹೋಗಲಿಲ್ಲ. ಉಸ್ತಾದ ನನ್ನನ್ನು ಪರೀಕ್ಷೆಗೆ ಬಿಟ್ಟಿದ್ದಾನೆ ಅಂದುಕೊಂಡರೇನೋ, ಅವರ ಮುಖ ಅರಳಿತು.

ಮೊದಲು ಹೊರಗೆ ಹೋಗಿ ಬೋಗುಣಿಯ ಕಾಲು ನೋಡಿದರು. ಎಮ್ಮೆ ತಿಕ್ಕಿರಲಿಲ್ಲ. ತಂತಿಯನ್ನು ಕೈಯಿಂದ ಸವರುತ್ತ ಗೋಡೆಯ ತೂತಿನವರೆಗೆ ಬಂದರು. ಪೆಟ್ಟಿಗೆಯ ಬೆನ್ನು ಬಿಚ್ಚಿ, ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಕರವಸ್ತ್ರದ ಮೇಲಿಟ್ಟು, ನಾನು ಹಲಗೆಯ ಮೇಲೆ ಬರೆದಿದ್ದ ಚೌಕಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಹಿಂದುಮುಂದು ಮಾಡಲಿಲ್ಲ. ನಾನೇ ಆಗಿದ್ದರೆ ಎರಡು ಕಡೆ ತಪ್ಪುತ್ತಿದ್ದೆ. ಅರ್ಧ ತಾಸು ನಾನು ಬಾಗಿಲಿಗೆ ಆತು ನಿಂತು ನೋಡಿದೆ. ನನ್ನ ವಿದ್ಯಾರ್ಥಿ, ನನ್ನ ಪಾಠ, ಒಂದು ತಪ್ಪಿಲ್ಲ.

ಕೊನೆಗೆ ಎದ್ದು ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಉಸ್ತಾದ್, ಎಲ್ಲಾ ಬರೊಬ್ಬರಿ ಐತ್ರಿ. ಬೋಗುಣಿ ಬರೊಬ್ಬರಿ, ತಂತಿ ಬರೊಬ್ಬರಿ, ಒಳಗೂ ಬರೊಬ್ಬರಿ. ತಪ್ಪ ಸಿಗವಲ್ದು. ಮಾಫ್ ಮಾಡ್ರಿ."

"ತಪ್ಪ ಇಲ್ಲೇ ಇಲ್ರಿ ಚಾಚಾ. ಮ್ಯಾಲಿಂದ ಬಂದ್ ಆಗೈತಿ."

"ಮತ್ತ ಯಾವಾಗ ಚಾಲೂ ಆಕೈತ್ರಿ?"

"ಆಗಂಗಿಲ್ರಿ."

ಮಕ್ಕಳ ಗದ್ದಲ ನಡೆದೇ ಇತ್ತು. ಅವರು ಅಂಗಳದ ಬೋಗುಣಿಯನ್ನು ನೋಡಿದರು. ಆಮೇಲೆ ಕೇಳಿದರು, "ನಿಮಗ ಯಾವಾಗ ಗೊತ್ತಾತ್ರಿ?"

ನಿನ್ನೆ ಅನ್ನಬಹುದಿತ್ತು. ಆ ಸುಳ್ಳು ಮಾತ್ರ ಅವತ್ತು ನನ್ನಿಂದಾಗಲಿಲ್ಲ. "ಮೊದಲಿಂದ," ಅಂದೆ.

ಬೈದಿದ್ದರೆ ಬದುಕುತ್ತಿದ್ದೆ. ಅವರು ಒಳಗೆ ಹೋಗಿ ಪೆಟ್ಟಿಗೆಯ ಬೆನ್ನು ಮುಚ್ಚಿದರು, ಒಂದೊಂದೇ ಸ್ಕ್ರೂ ಬಿಗಿದರು. ಇನ್ನು ಯಾರೂ ನೋಡದ ಪೆಟ್ಟಿಗೆ, ಅದರ ಗಾಜನ್ನೂ ಒರೆಸಿದರು. "ದುರಸ್ತಿ ಆತೇನ್ರಿ?" ಅಂತ ಹೆಡ್‌ಮಾಸ್ತರರು ಕೇಳಿದ್ದಕ್ಕೆ, "ನಮ್ಮ ಉಸ್ತಾದ್ರು ಹೇಳ್ತಾರ್ರಿ," ಅಂದು ಹೊರಗೆ ಬಂದರು. ಜೀಪಿನ ಹತ್ತಿರ ನಿಂತು, ಸ್ಕ್ರೂಡ್ರೈವರನ್ನು ಅಂಗಿಯ ಚುಂಗಿನಿಂದ ಒರೆಸಿ, ಎರಡೂ ಕೈಯಿಂದ ನನ್ನ ಅಂಗೈಯಲ್ಲಿಟ್ಟರು. ನಾನು ಹೊಳ್ಳಿ ಕೊಡಲು ಕೈ ಚಾಚಿದೆ. ಅವರು ತಮ್ಮ ಕೈ ಹಿಂದೆ ಕಟ್ಟಿಕೊಂಡರು.

"ಇಟಗೊಳ್ರಿ. ನಿಮ್ಮ ಮಾತು ನಿಮಗ ವಾಪಸ್. ಸಣ್ಣಾವ್ರ ಅದೀರಿ, ಇಷ್ಟು ವಜ್ಜಿ ತಲಿ ಮ್ಯಾಲ ಹೊತ್ತು ತಿರಗಬ್ಯಾಡ್ರಿ."

ಕ್ಲಾಸಿನ ಬಾಗಿಲು ಆ ತಿಂಗಳೇ ಮುಚ್ಚಿತು. ನನಗೆ ಡಿಪ್ಲೊಮಾ ಇತ್ತು. ದೀಪಾವಳಿಯ ಹೊತ್ತಿಗೆ ಇನ್ನೊಂದು ಸರ್ಕಾರಿ ಆಫೀಸಿನ ಕುರ್ಚಿ ಸಿಕ್ಕಿತು. ಚಾಚಾ ಅದೇ ಟಾಕೀಜಿಗೆ ವಾಪಸು ಹೋದರು, ತಾವೇ ಕೋಣೆ ಒಪ್ಪಿಸಿದ್ದ ಹುಡುಗನ ಕೈಕೆಳಗೆ. ರೀಲು ಸುತ್ತುವುದು, ಕಾರ್ಬನ್ ಕಡ್ಡಿ ಬದಲಿಸುವುದು.

ಬಹಳ ದಿನ ಆ ಕಡೆ ಹಾಯಲಿಲ್ಲ. ಊರಿಗೆ ಬಂದಿದ್ದ ಒಬ್ಬ ಗೆಳೆಯನ ಒತ್ತಾಯಕ್ಕೆ ಒಂದು ಮ್ಯಾಟಿನಿಗೆ ಹೋದೆ. ಗೇಟಿನಲ್ಲಿ ನಾನು ಜೇಬಿನಿಂದ ಟಿಕೆಟ್ ತೆಗೆಯುತ್ತಿರುವಾಗ ಮೇಲಿನ ಮೆಟ್ಟಿಲಿಂದ ಅವರ ದನಿ ಬಂತು, ಗೇಟಿನವನಿಗೆ:

"ಏ, ಅವರಿಗೆ ಟಿಕೇಟ ಕೇಳಬ್ಯಾಡ. ನಮ್ಮ ಉಸ್ತಾದ್ರು ಅವ್ರು."

ಚಾಚಾ ಕೈ ಎತ್ತಿ ನನಗೆ ಸಲಾಂ ಮಾಡಿ ಪ್ರೊಜೆಕ್ಟರ್ ಕೋಣೆಯೊಳಗೆ ಹೋದರು. ಸಿನಿಮಾ ಶುರುವಾಯಿತು. ನಾವು ಕೂತದ್ದು ಕೊನೆಯ ಸಾಲು, ತಲೆಯ ಮೇಲೆಯೇ ಪ್ರೊಜೆಕ್ಟರಿನ ಕಿಂಡಿ. ಪರದೆಯ ಮೇಲೆ ಮಾತು, ಹಾಡು ನಿಂತ ಕಡೆಯಲ್ಲೆಲ್ಲ ಆ ಕಿಂಡಿಯಿಂದ ಕೆಮ್ಮು ಕೇಳಿಸುತ್ತಿತ್ತು. ಮುಂದಿನ ಸಾಲಿನವನೊಬ್ಬ ಸಿಟ್ಟಿನಿಂದ ಹಿಂದೆ ತಿರುಗಿ ನೋಡಿದ. ನಾನು ಇಂಟರ್ವಲ್‌ಗೂ ಕಾಯದೆ ಎದ್ದು ಬಂದೆ. ಗೇಟಿನವನು ಎದ್ದು ನಿಂತು ಬಾಗಿಲು ತೆರೆದ.